ರಾಜ್ಯ ಶಾಸನಗಳ ಶೋಧ ಮತ್ತು ಶಾಸನ ಚರಿತ್ರೆ: ಕರ್ನಾಟಕ

ಕಾಯಿದೆಯ ಒಂದು ಕಲಮು ಎಲ್ಲಿಂದ ಬಂತು, ಯಾವ ದಿನ ಜಾರಿಯಾಯಿತು, ಅದರ ಯಾವ ಪದ ಯಾವ ತಿದ್ದುಪಡಿಯಲ್ಲಿ ಸೇರಿತು ಅಥವಾ ಬಿದ್ದುಹೋಯಿತು, ಆಗ ಸದನದ ಮುಂದಿದ್ದ ಕಾರಣವೇನು ಎಂಬುದನ್ನು ದಾಖಲೆಗಳಿಂದ ಪತ್ತೆಹಚ್ಚುವ ಕೆಲಸಕ್ಕೆ ಶಾಸನ ಶೋಧ ಎನ್ನಬಹುದು. ವಕೀಲರು, ನ್ಯಾಯಾಧೀಶರು, ಕಂದಾಯ ಅಧಿಕಾರಿಗಳು, ಇತಿಹಾಸಕಾರರು ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಇದನ್ನು ಮಾಡುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ಈ ಕೆಲಸಕ್ಕೆ ಎರಡು ತೊಡಕುಗಳಿವೆ. ರಾಜ್ಯ ಕೂಡಿಬಂದದ್ದು ಬೇರೆ ಬೇರೆ ಕಾನೂನುಗಳಿದ್ದ ಐದು ಆಡಳಿತಗಳ ಪ್ರದೇಶಗಳಿಂದ. ಕೂಡಿದ ಹದಿನೇಳು ವರ್ಷಗಳ ಮೇಲೆ ಅದರ ಹೆಸರೂ ಬದಲಾಯಿತು.

ಕನ್ನಡದಲ್ಲಿ ‘ಶಾಸನ’ ಎಂದೊಡನೆ ಮೊದಲು ನೆನಪಾಗುವುದು ಹಲ್ಮಿಡಿಯಂಥ ಕಲ್ಲಿನ ಬರಹ. ಕಲ್ಲಿನ ಶಾಸನ ಕೆತ್ತಿದಲ್ಲಿಗೆ ಮುಗಿಯಿತು. ಕಾಲ ಅದನ್ನು ಸವೆಸೀತೇ ಹೊರತು ತಿದ್ದುವುದಿಲ್ಲ. ವಿಧಾನಮಂಡಲದ ಶಾಸನ ಹಾಗಲ್ಲ. ಇಂದು ಪುಸ್ತಕದಲ್ಲಿ ಕಾಣುವ ಒಂದೇ ವಾಕ್ಯದಲ್ಲಿ ಮೂರು ನಾಲ್ಕು ದಶಕಗಳ ಪದಗಳು ಅಕ್ಕಪಕ್ಕ ಕುಳಿತಿರುತ್ತವೆ. ಲಿಪಿತಜ್ಞರು ಅಕ್ಷರದ ರೂಪ ನೋಡಿ ಕಾಲ ನಿರ್ಣಯಿಸುವಂತೆ ಕಾನೂನಿನ ಶೋಧಕರು ಅಡಿಟಿಪ್ಪಣಿ ನೋಡಿ ಪದದ ಕಾಲ ನಿರ್ಣಯಿಸುತ್ತಾರೆ.

ಮೈಸೂರು ಸಂಸ್ಥಾನದ ಕಾಲ

1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ಆ ಅವಧಿಯಲ್ಲಿ ಬ್ರಿಟಿಷ್ ಇಂಡಿಯಾದ ಹಲವು ಕಾಯಿದೆಗಳನ್ನು ಇಲ್ಲಿಗೂ ವಿಸ್ತರಿಸಲಾಯಿತು. 1881ರಲ್ಲಿ ಆಡಳಿತ ಒಡೆಯರ ಮನೆತನಕ್ಕೆ ಮರಳಿದಾಗ ಅವು ಮುಂದುವರಿದವು. ಅದೇ ವರ್ಷ ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ಅಹವಾಲು ಹೇಳಿಕೊಳ್ಳುವ, ಆಡಳಿತದ ವರದಿ ಕೇಳುವ ಸಭೆ ಅದು; ಕಾನೂನು ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಆ ಕೆಲಸಕ್ಕೆಂದು ನ್ಯಾಯವಿಧಾಯಕ ಸಭೆ ಬಂದದ್ದು 1907ರಲ್ಲಿ.

1923ರ ಸುಧಾರಣೆಗಳು ಎರಡೂ ಸಭೆಗಳಿಗೆ ಶಾಸನದ ತಳಹದಿ ಕೊಟ್ಟವು. ಮಸೂದೆ ನ್ಯಾಯವಿಧಾಯಕ ಸಭೆಗೆ ಹೋಗುವ ಮೊದಲು ಅದರ ಮೂಲತತ್ತ್ವಗಳ ಬಗ್ಗೆ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯ ಕೇಳುವ ಪದ್ಧತಿ ಬಂತು. ಆದ್ದರಿಂದ ಈ ಕಾಲದ ಕಾಯಿದೆಯೊಂದರ ಹಿನ್ನೆಲೆ ಹುಡುಕುವವರು ಎರಡು ಸಭೆಗಳ ನಡವಳಿಗಳನ್ನೂ ತೆರೆಯಬೇಕು. ಒಂದರಲ್ಲಿ ತತ್ತ್ವದ ಜಗಳ ಸಿಗುತ್ತದೆ, ಇನ್ನೊಂದರಲ್ಲಿ ಪದಗಳ ಜಗಳ.

ಈ ಕಾಲದ ಕಾಯಿದೆಗಳಿಗೆ ಮೊದಲು ‘ರೆಗ್ಯುಲೇಷನ್’ ಎಂದೂ ಮುಂದೆ ‘ಆ್ಯಕ್ಟ್’ ಎಂದೂ ಹೆಸರು. 1933ರ ಮೈಸೂರು ಹಿಂದೂ ಕಾನೂನು ಮಹಿಳೆಯರ ಹಕ್ಕುಗಳ ಕಾಯಿದೆ ಇವುಗಳಲ್ಲಿ ಹೆಸರಾದದ್ದು. ಬ್ರಿಟಿಷ್ ಇಂಡಿಯಾದಲ್ಲಿ ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ. ಮೈಸೂರು ನಾಲ್ಕು ವರ್ಷ ಮುಂದಿತ್ತು. ಅವಿಭಕ್ತ ಕುಟುಂಬ ಪಾಲಾಗುವಾಗ ಹೆಣ್ಣುಮಕ್ಕಳಿಗೂ ಭಾಗ ಕೊಡುವ ಅದರ 8ನೇ ಕಲಮು ಹಳೆ ಮೈಸೂರಿನ ಪಾಲಿನ ದಾವೆಗಳಲ್ಲಿ ಬಹುಕಾಲ ಚರ್ಚೆಗೆ ಬರುತ್ತಿತ್ತು. 1940ರಲ್ಲಿ ಮಂಡ್ಯದ ಒಂದು ಮನೆತನ ಪಾಲಾಗಿದ್ದರೆ ನೋಡಬೇಕಾದ ಪುಸ್ತಕ ಇದು. ಅದೇ ವರ್ಷ ಧಾರವಾಡದ ಮನೆತನ ಪಾಲಾಗಿದ್ದರೆ ಕಪಾಟೇ ಬೇರೆ.

1956: ಒಂದು ರಾಜ್ಯ, ಹಲವು ಕಾನೂನುಗಳು

1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಮುಂಬಯಿಯ ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಉತ್ತರ ಕನ್ನಡ, ಹೈದರಾಬಾದಿನ ಗುಲ್ಬರ್ಗ, ರಾಯಚೂರು ಮತ್ತು ಬೀದರ್ ಭಾಗಗಳು, ಮದರಾಸಿನ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು ಸೇರಿದವು. ಬಳ್ಳಾರಿ 1953ರಲ್ಲೇ ಬಂದಿತ್ತು. ನೆಲ ಒಂದಾದರೂ ಕಾನೂನು ಒಂದಾಗಲಿಲ್ಲ. ರಾಜ್ಯಗಳ ಪುನರ್‌ವಿಂಗಡಣಾ ಕಾಯಿದೆಯ 119ನೇ ಕಲಮಿನ ಪ್ರಕಾರ, ಸಮರ್ಥ ವಿಧಾನಮಂಡಲ ಬೇರೆ ರೀತಿ ಹೇಳುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನು ಆಯಾ ಪ್ರದೇಶದಲ್ಲೇ ಮುಂದುವರಿಯಿತು.

ಹೀಗಾಗಿ ಕಂದಾಯದ ಒಂದೇ ಪ್ರಶ್ನೆಗೆ ಮಂಡ್ಯದಲ್ಲಿ 1888ರ ಮೈಸೂರು ಭೂಕಂದಾಯ ಸಂಹಿತೆ, ಧಾರವಾಡದಲ್ಲಿ 1879ರ ಮುಂಬಯಿ ಸಂಹಿತೆ, ಗುಲ್ಬರ್ಗದಲ್ಲಿ ಫಸಲಿ 1317ರ ಹೈದರಾಬಾದ್ ಕಾಯಿದೆ, ಕೊಡಗಿನಲ್ಲಿ 1899ರ ರೆಗ್ಯುಲೇಷನ್ ಉತ್ತರ ಕೊಡುತ್ತಿದ್ದವು. ಹೈದರಾಬಾದಿನ ಕಾಯಿದೆಯ ವರ್ಷ ಓದಿ ಹೊಸಬರು ಗಾಬರಿಯಾಗುವುದುಂಟು. ಫಸಲಿಗೆ 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. 1317 ಎಂದರೆ 1907ರ ಆಸುಪಾಸು. ನಿಜಾಮರ ಸರ್ಕಾರದ ಆಡಳಿತ ಭಾಷೆ ಉರ್ದು. ಅಲ್ಲಿನ ಗೆಜೆಟ್ಟಿನ ಹೆಸರು ಜರೀದಾ. ಗುಲ್ಬರ್ಗ ಕಡೆಯ ಹಳೆಯ ಹಕ್ಕಿನ ಬೇರು ಹುಡುಕುವವರಿಗೆ ಉರ್ದು ಬಲ್ಲವರ ನೆರವಿಲ್ಲದೆ ದಾರಿ ಸಾಗದು.

ಈ ಕಂದಾಯ ಕಾಯಿದೆಗಳ ಜಾಗಕ್ಕೆ 1964ರ ಏಪ್ರಿಲ್ 1ರಿಂದ ಏಕರೂಪದ ಭೂಕಂದಾಯ ಕಾಯಿದೆ ಬಂತು. ಎಲ್ಲವೂ ಇಷ್ಟು ಬೇಗ ಆಗಲಿಲ್ಲ. ದೇವಸ್ಥಾನಗಳ ಆಡಳಿತದ ಕಾನೂನುಗಳು ಬಿಡಿಬಿಡಿಯಾಗಿಯೇ ಉಳಿದು, ಅವುಗಳ ಬದಲಿಗೆ ತಂದ ಕಾಯಿದೆ ಜಾರಿಯಾದದ್ದು 2003ರ ಮೇ 1ರಂದು. ಅದರ ಹೆಸರಿನಲ್ಲಿರುವ ವರ್ಷ 1997, ಸಂಖ್ಯೆ 2001ರ ಅಧಿನಿಯಮ 33.

ಹಳೆಯ ಕಾಯಿದೆ ನಿರಸನವಾಯಿತೆಂದರೆ ಅದರ ಕೆಲಸ ಮುಗಿಯಿತೆಂದಲ್ಲ. ಹೊಸ ಕಾಯಿದೆಯ ಕೊನೆಯಲ್ಲಿ ಬರುವ ‘ನಿರಸನ ಮತ್ತು ಉಳಿಸುವಿಕೆ’ ಕಲಮು, ಜೊತೆಗೆ 1899ರ ಸಾಮಾನ್ಯ ಖಂಡಗಳ ಕಾಯಿದೆಯ 6ನೇ ಕಲಮು, ಹಿಂದೆ ಹುಟ್ಟಿದ ಹಕ್ಕು ಮತ್ತು ಹೊಣೆಗಳನ್ನು ಕಾಯುತ್ತವೆ. ಅನುಭವಿಗಳು ಹೊಸ ಕಾಯಿದೆಯನ್ನು ಕೊನೆಯ ಪುಟದಿಂದ ಓದಲು ಶುರುಮಾಡುವುದು ಇದಕ್ಕೇ.

ಹೆಸರು, ಸಂಖ್ಯೆ, ಜಾರಿಯ ದಿನ

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಕಾಯಿದೆಗಳ ಹೆಸರಿನಲ್ಲೂ ‘ಮೈಸೂರು’ ಹೋಗಿ ‘ಕರ್ನಾಟಕ’ ಬಂತು. ಹಾಗಾಗಿ 1968ರ ತೀರ್ಪಿನಲ್ಲಿ ಕಾಣುವ ಮೈಸೂರು ಭೂಕಂದಾಯ ಕಾಯಿದೆಯೂ ಇಂದಿನ ಕರ್ನಾಟಕ ಭೂಕಂದಾಯ ಕಾಯಿದೆಯೂ ಒಂದೇ.

ಒಂದು ಕಾಯಿದೆಗೆ ಮೂರು ವರ್ಷಗಳಿರುವುದು ಸಾಮಾನ್ಯ. ಹೆಸರಿನ ವರ್ಷ ಮಸೂದೆಯ ಕಾಲದ್ದು, ಸಂಖ್ಯೆಯ ವರ್ಷ ಒಪ್ಪಿಗೆ ಸಿಕ್ಕು ಪ್ರಕಟವಾದ ಕಾಲದ್ದು, ಜಾರಿಯ ದಿನ ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಮಾಡಿದ್ದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯಿದೆಯ ಕರ್ನಾಟಕ ತಿದ್ದುಪಡಿಯ ಹೆಸರಿನಲ್ಲಿ 1990 ಇದೆ. ವಿಷಯ ಸಮವರ್ತಿ ಪಟ್ಟಿಯದಾದ್ದರಿಂದ ರಾಷ್ಟ್ರಪತಿಗಳ ಒಪ್ಪಿಗೆ ಬೇಕಾಯಿತು. ಅದು 1994ರ ಅಧಿನಿಯಮ 23 ಆಗಿ ಆ ವರ್ಷದ ಜುಲೈ 30ರಂದು ಜಾರಿಯಾಯಿತು. ಅದಕ್ಕೂ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕು ಇರಲಿಲ್ಲ. ಹೆಸರಿನಲ್ಲಿರುವ ವರ್ಷವನ್ನೇ ನಂಬಿ 1992ರಲ್ಲಿ ಮದುವೆಯಾದವರಿಗೆ ಈ ಕಾಯಿದೆಯಡಿ ಭಾಗವಿದೆ ಎಂದು ಹೊರಟರೆ ಲೆಕ್ಕ ತಪ್ಪುತ್ತದೆ.

ಮಸೂದೆ ಬಿಟ್ಟುಹೋಗುವ ಹೆಜ್ಜೆಗುರುತು

ವಿಧೇಯಕ ಸದನದಲ್ಲಿ ಮಂಡನೆಯಾದಾಗ ಅದರ ಜೊತೆ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಕೆಲವು ವಿಧೇಯಕಗಳು ಪರಿಶೀಲನಾ ಸಮಿತಿಗೋ ಎರಡೂ ಸದನಗಳ ಜಂಟಿ ಸಮಿತಿಗೋ ಹೋಗುತ್ತವೆ. ಸಮಿತಿಯ ವರದಿ, ಭಿನ್ನಾಭಿಪ್ರಾಯದ ಟಿಪ್ಪಣಿ ಎರಡೂ ಮುಂದೆ ಬೆಲೆಬಾಳುತ್ತವೆ. ಸದನದ ಚರ್ಚೆ ನಡವಳಿಗಳಲ್ಲಿ ಅಚ್ಚಾಗುತ್ತದೆ. ರಾಜ್ಯಪಾಲರ ಅಥವಾ ರಾಷ್ಟ್ರಪತಿಗಳ ಒಪ್ಪಿಗೆಯ ನಂತರ ಅಧಿನಿಯಮ ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಸದನ ಸೇರದಿದ್ದಾಗ 213ನೇ ಅನುಚ್ಛೇದದಡಿ ಸುಗ್ರೀವಾಜ್ಞೆ ಹೊರಟಿದ್ದರೆ ಅದರ ಪಠ್ಯವನ್ನೂ ಜೊತೆಗಿಟ್ಟು ನೋಡಬೇಕು.

ಇಂದಿನ ರಾಜ್ಯಪತ್ರದ ಭಾಗ 4ಎ ವಿಶೇಷ ಸಂಚಿಕೆಯೊಂದನ್ನು ಕೈಗೆತ್ತಿಕೊಂಡರೆ ತಲೆಭಾಗದಲ್ಲಿ ಇಂಗ್ಲಿಷ್ ತಾರೀಖಿನ ಪಕ್ಕ ಶಕವರ್ಷದ ತಿಥಿ ಕಾಣುತ್ತದೆ. ಉದ್ದೇಶ ಮತ್ತು ಕಾರಣಗಳು ಮುಗಿದಲ್ಲಿ ವಿಧಾನಸಭೆಯ ವಿಧೇಯಕ ಸಂಖ್ಯೆ, ಸಂವಿಧಾನದ ಏಳನೇ ಅನುಸೂಚಿಯ ಯಾವ ನಮೂದಿನ ಬಲದಿಂದ ಈ ಕಾಯಿದೆ ಮಾಡಲಾಗಿದೆ ಎಂಬ ಸಾಲು, ಮತ್ತು ‘ಸಂವ್ಯಶಾಇ’ ಎಂದು ಶುರುವಾಗುವ ಕಡತ ಸಂಖ್ಯೆ ಇರುತ್ತವೆ. ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಹೆಸರಿನ ಮೊದಲಕ್ಷರಗಳು ಅವು. ಸಾಮಾನ್ಯ ಓದುಗರ ಕಣ್ಣಿಗೆ ಬೀಳದ ಈ ಪುಟ್ಟ ಸಾಲುಗಳನ್ನು ಹಿಡಿದೇ ಶೋಧಕರು ವಿಧೇಯಕಕ್ಕೆ, ಅಲ್ಲಿಂದ ಸದನದ ಚರ್ಚೆಗೆ ತಲುಪುತ್ತಾರೆ.

ಭಾಷೆಯ ಪ್ರಶ್ನೆಯೂ ಇದೆ. ವಿಧೇಯಕ ಕನ್ನಡದಲ್ಲಿ ಅಂಗೀಕಾರವಾದರೂ, ರಾಜ್ಯಪಾಲರ ಅಧಿಕಾರದಡಿ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವನ್ನೇ 348ನೇ ಅನುಚ್ಛೇದದ 3ನೇ ಖಂಡ ಅಧಿಕೃತ ಪಠ್ಯವೆಂದು ಪರಿಗಣಿಸುತ್ತದೆ. ಸದನ ಓದಿ ಒಪ್ಪಿದ ಪಠ್ಯ ಒಂದು, ನ್ಯಾಯಾಲಯ ಆಧಾರವಾಗಿ ಹಿಡಿಯುವ ಪಠ್ಯ ಇನ್ನೊಂದು. ಎರಡನ್ನೂ ಎದುರುಬದುರು ಇಟ್ಟು ಓದುವುದು ಶೋಧದ ಭಾಗವೇ.

ಒಂದು ಕಾಯಿದೆಯ ಜಾತಕ: ಭೂಸುಧಾರಣೆ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಗೇಣಿದಾರರ ಸತ್ಯಾಗ್ರಹದ ಕಾವು ಆರುವ ಮುನ್ನ ರಾಜ್ಯಗಳು ಪುನರ್‌ವಿಂಗಡಣೆಯಾದವು. ಗೇಣಿಗೆ ಸಂಬಂಧಿಸಿ ಮೈಸೂರಿನ 1952ರ ಕಾಯಿದೆ, ಮುಂಬಯಿಯ 1948ರದು, ಹೈದರಾಬಾದಿನ 1950ರದು, ಹೀಗೆ ಹಲವು ಏಕಕಾಲಕ್ಕೆ ಚಾಲ್ತಿಯಲ್ಲಿದ್ದವು. ಇವನ್ನು ಒಂದು ಮಾಡಲು ಬಿ.ಡಿ. ಜತ್ತಿ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟಿತು. ಅದರ ಮೇಲೆ 1958ರಲ್ಲಿ ವಿಧೇಯಕ ಬಂದು, ಜಂಟಿ ಸಮಿತಿಯಲ್ಲಿ ಹಾದು, 1961ರಲ್ಲಿ ಅಂಗೀಕಾರವಾಯಿತು. ರಾಷ್ಟ್ರಪತಿಗಳ ಒಪ್ಪಿಗೆ 1962ರ ಮಾರ್ಚ್‌ನಲ್ಲಿ ಸಿಕ್ಕಿತು. ಸಂಖ್ಯೆ 1962ರ ಅಧಿನಿಯಮ 10. ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಅಷ್ಟರೊಳಗೆ, 1964ರಲ್ಲೇ, ಹದಿನೇಳನೇ ತಿದ್ದುಪಡಿ ಇದನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿಯಾಗಿತ್ತು. ಊರಿನಲ್ಲಿ ಕಾಲಿಡುವ ಮೊದಲೇ ಕಾಯಿದೆಗೆ ನ್ಯಾಯಾಲಯದ ಸವಾಲುಗಳ ವಿರುದ್ಧ ಕವಚ ತೊಡಿಸಿದಂತೆ.

‘ಉಳುವವನೇ ಹೊಲದೊಡೆಯ’ ಎಂದು ಜನ ನೆನೆಯುವುದು 1961ರ ಕಾಯಿದೆಯನ್ನಲ್ಲ, ದೇವರಾಜ ಅರಸು ಸರ್ಕಾರ ತಂದ 1974ರ ತಿದ್ದುಪಡಿ ಅಧಿನಿಯಮ 1ನ್ನು. 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಆದ್ದರಿಂದ ಗೇಣಿಯ ವ್ಯಾಜ್ಯದಲ್ಲಿ 1961ರ ಕಾಯಿದೆ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಲ್ಲ. ಯಾವ ದಿನದ ಪಠ್ಯ ಎಂಬುದೇ ಪ್ರಶ್ನೆ.

ಇದೇ ತಿದ್ದುಪಡಿಯಲ್ಲಿ ಬಂದ 79ಎ ಕಲಮಿನ ಕತೆ ಇನ್ನೂ ಸ್ವಾರಸ್ಯದ್ದು. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳದಂತೆ ಅದು ತಡೆಯುತ್ತಿತ್ತು. 1995ರಲ್ಲಿ ಮಿತಿ ವರ್ಷಕ್ಕೆ 2 ಲಕ್ಷ ರೂಪಾಯಿ ಆಯಿತು, 2015ರಲ್ಲಿ 25 ಲಕ್ಷ. 2020ರಲ್ಲಿ ಮೊದಲು ಸುಗ್ರೀವಾಜ್ಞೆ, ನಂತರ ಅಧಿನಿಯಮ 56, ಈ ಕಲಮನ್ನೇ ಕೈಬಿಟ್ಟವು. ಅದೂ 1974ರ ಮಾರ್ಚ್ 1ರಿಂದಲೇ ಬಿಟ್ಟುಹೋಗಿತ್ತೆಂದು ಭಾವಿಸಬೇಕೆಂಬ ಮಾತಿನೊಡನೆ. ಬಾಕಿ ಇದ್ದ ಪ್ರಕರಣಗಳು ಕೊನೆಗೊಂಡವು. ನಲವತ್ತಾರು ವರ್ಷ ಬದುಕಿದ ಕಲಮು ಹುಟ್ಟಿಯೇ ಇರಲಿಲ್ಲ ಎಂದು ಇಂದಿನ ಪಠ್ಯ ಹೇಳುತ್ತದೆ. ಆದರೆ 2010ರ ಒಂದು ಕ್ರಯಪತ್ರದ ಹಿನ್ನೆಲೆ ಅರಿಯಲು ಆ ಇಲ್ಲದ ಕಲಮನ್ನು ಹಳೆಯ ರಾಜ್ಯಪತ್ರದಿಂದಲೇ ಎತ್ತಿ ತರಬೇಕು.

ನ್ಯಾಯಾಲಯಗಳ ನಿಲುವು

ಶಾಸನ ಚರಿತ್ರೆಯನ್ನು ಅರ್ಥವಿವರಣೆಗೆ ಎಷ್ಟು ಬಳಸಬಹುದೆಂಬ ವಿಷಯದಲ್ಲಿ ನ್ಯಾಯಾಲಯಗಳು ನಿಧಾನವಾಗಿ ಸಡಿಲಗೊಂಡಿವೆ. 1952ರ ಅಶ್ವಿನಿ ಕುಮಾರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉದ್ದೇಶ ಮತ್ತು ಕಾರಣಗಳ ಹೇಳಿಕೆಯನ್ನು ಅರ್ಥ ನಿರ್ಣಯಕ್ಕೆ ಬಳಸಲು ಒಪ್ಪಲಿಲ್ಲ. ಮಸೂದೆ ಮಂಡಿಸಿದವರ ಮನಸ್ಸಿನಲ್ಲಿದ್ದದ್ದೇ ಅಂಗೀಕಾರವಾದ ಪಠ್ಯದಲ್ಲಿ ಉಳಿದಿದೆ ಎನ್ನಲಾಗದು ಎಂಬುದು ಅದರ ಹಿಂದಿನ ತರ್ಕ. ಸುಬೋಧ್ ಗೋಪಾಲ್ ಬೋಸ್ ಪ್ರಕರಣದಲ್ಲಿ, ಕಾನೂನು ಹುಟ್ಟಿದ ಸಂದರ್ಭವನ್ನೂ ಅದು ನೀಗಿಸಹೊರಟ ಕೆಡುಕನ್ನೂ ತಿಳಿಯುವಷ್ಟಕ್ಕೆ ಆ ಹೇಳಿಕೆಯನ್ನು ನೋಡಬಹುದೆಂದಾಯಿತು. 1584ರ ಇಂಗ್ಲೆಂಡಿನ ಹೇಡನ್ ಪ್ರಕರಣದ ಇದೇ ಸೂತ್ರವನ್ನು 1955ರ ಬೆಂಗಾಲ್ ಇಮ್ಯುನಿಟಿ ತೀರ್ಪು ಎತ್ತಿಹಿಡಿಯಿತು. 1981ರ ಕೆ.ಪಿ. ವರ್ಗೀಸ್ ತೀರ್ಪಿನಲ್ಲಿ ಮಂತ್ರಿಯ ಸದನದ ಭಾಷಣಕ್ಕೂ, 1984ರ ಅಂತುಳೆ ತೀರ್ಪಿನಲ್ಲಿ ಸಮಿತಿಯ ವರದಿಗೂ ಬಾಗಿಲು ತೆರೆಯಿತು. ಆದರೆ ಕಲಮಿನ ಪದ ಸ್ಪಷ್ಟವಾಗಿದ್ದರೆ ಇವು ಯಾವುವೂ ಅದನ್ನು ಅಲ್ಲಾಡಿಸಲಾರವು.

ಅಂತರ್ಜಾಲದ ಕಾಲ

ರಾಜ್ಯದ ಕಾಯಿದೆಗಳು ಈಗ ಶಾಸನ ರಚನೆ ಇಲಾಖೆಯ ಜಾಲತಾಣದಲ್ಲೂ ಕೇಂದ್ರದ ಇಂಡಿಯಾ ಕೋಡ್‌ನಲ್ಲೂ ಬೆರಳ ತುದಿಗೆ ಸಿಗುತ್ತವೆ. ಸಾಮಾನ್ಯವಾಗಿ ಅಲ್ಲಿ ತೆರೆದುಕೊಳ್ಳುವುದು ತಿದ್ದುಪಡಿಗಳನ್ನೆಲ್ಲ ಒಳಗೊಂಡ ಇಂದಿನ ಪಠ್ಯ. ಹಿಂದಿನ ಒಂದು ದಿನದ ಪಠ್ಯ ಬೇಕಾದವರು ಕೊನೆಯ ತಿದ್ದುಪಡಿಯಿಂದ ಶುರುಮಾಡಿ, ಅಡಿಟಿಪ್ಪಣಿಗಳ ಜಾಡಿನಲ್ಲಿ ಒಂದೊಂದನ್ನೇ ಬಿಡಿಸುತ್ತ ಹಿಂದಕ್ಕೆ ನಡೆಯಬೇಕು. ನಿರಸನಗೊಂಡ ಪ್ರಾದೇಶಿಕ ಕಾಯಿದೆಗಳಿಗೂ ಹಳೆಯ ನಡವಳಿಗಳಿಗೂ ವಿಧಾನಸೌಧದ ಗ್ರಂಥಾಲಯ, ರಾಜ್ಯ ಪತ್ರಾಗಾರ, ಹಳೆಯ ವಕೀಲರ ಕಪಾಟುಗಳೇ ಇಂದಿಗೂ ಆಸರೆ. ಕಕ್ಷಿದಾರರು ಕಾಯಿದೆ ಏನು ಹೇಳುತ್ತದೆ ಎಂದು ಕೇಳಿದಾಗ, ಈ ಕೆಲಸದಲ್ಲಿ ಪಳಗಿದವರು ಪುಸ್ತಕಕ್ಕೆ ಕೈಹಾಕುವ ಮೊದಲು ಕೇಳುವ ಮರುಪ್ರಶ್ನೆಗಳು ಎರಡೇ: ಯಾವ ಊರಿನದು? ಯಾವ ದಿನದ್ದು?