ಅವಶೇಷ ಯಾರ ಸ್ವತ್ತು? ಅಚೆ ಮತ್ತು ಹೈಟಿಯಲ್ಲಿ ವಿಕೋಪ ತ್ಯಾಜ್ಯದ ನಿರ್ವಹಣೆ

ವಿಕೋಪಗಳ ಇತಿಹಾಸ ಬರೆದವರು ರಕ್ಷಣೆ, ಪರಿಹಾರ, ಪುನರ್ವಸತಿಗಳಿಗೆ ಕೊಟ್ಟಷ್ಟು ಗಮನವನ್ನು ಅವುಗಳ ನಡುವೆ ಬಿದ್ದಿದ್ದ ಅವಶೇಷದ ರಾಶಿಗೆ ಕೊಟ್ಟಿಲ್ಲ. ಆ ರಾಶಿ ತೆರವಾಗದೆ ರಸ್ತೆ ತೆರೆಯುವುದಿಲ್ಲ, ಹೊಸ ಮನೆಗೆ ಪಾಯ ತೋಡಲಾಗುವುದಿಲ್ಲ. ಬಡ ದೇಶಗಳಲ್ಲಿ ಈ ಕೆಲಸದ ಗತಿಯನ್ನು ಯಂತ್ರಗಳ ಕೊರತೆಗಿಂತ ಹೆಚ್ಚಾಗಿ ಎರಡು ಸಂಗತಿಗಳು ನಿರ್ಧರಿಸಿವೆ: ವಿಕೋಪಕ್ಕೆ ಮೊದಲು ಆ ಊರಿನ ಕಸ ವಿಲೇವಾರಿ ಹೇಗಿತ್ತು ಮತ್ತು ಬಿದ್ದ ಅವಶೇಷ ಯಾರ ಸ್ವತ್ತು ಎಂಬುದು. ಈ ಲೇಖನದ ವಾದ ಇಷ್ಟೇ.

1999ರ ಆಗಸ್ಟ್ 17ರಂದು ಟರ್ಕಿಯಲ್ಲಿ ಸಂಭವಿಸಿದ ಮರ್ಮರಾ ಭೂಕಂಪದ ಅವಶೇಷವನ್ನು ಸುಮಾರು 1.3 ಕೋಟಿ ಟನ್ ಎಂದು ಅಂದಾಜಿಸಲಾಗಿತ್ತು. ಇಂಥ ತ್ಯಾಜ್ಯಕ್ಕೆ ಮುಂಚಿತ ಯೋಜನೆ ಇರಬೇಕೆಂಬ ವಾದ ಆ ಅನುಭವದ ಬೆನ್ನಿಗೇ ಸಂಶೋಧನಾ ಬರಹಗಳಲ್ಲಿ ಕಾಣಿಸಿಕೊಂಡಿತು. ಅದು ಕಾರ್ಯರೂಪಕ್ಕೆ ಬರುವ ಮುನ್ನವೇ 2004ರ ಡಿಸೆಂಬರ್ 26ರ ಸುನಾಮಿ ಬಂದೆರಗಿತು.

ಇಂಡೊನೇಷ್ಯಾದ ಅಚೆ ಪ್ರಾಂತ್ಯ ಆಗಲೇ ದೀರ್ಘ ಸಶಸ್ತ್ರ ಸಂಘರ್ಷದಿಂದ ಬಳಲಿತ್ತು. ರಾಜಧಾನಿ ಬಂಡಾ ಅಚೆಯಲ್ಲಿ ಕಾಂಕ್ರೀಟು, ಮರದ ದಿಮ್ಮಿ, ತಗಡು, ವಾಹನ, ಉಪ್ಪುಮಣ್ಣು ಎಲ್ಲವೂ ಒಂದರೊಳಗೊಂದು ಕಲೆಸಿ ಬಿದ್ದಿದ್ದವು. ರಾಶಿಯೊಳಗೆ ಶವಗಳಿದ್ದುದರಿಂದ ಕಣ್ಣು ಮುಚ್ಚಿ ಯಂತ್ರ ಓಡಿಸುವಂತಿರಲಿಲ್ಲ. ಊರಿನ ಕಸ ಸಾಗಿಸಬೇಕಾದ ವ್ಯವಸ್ಥೆಯೇ ಸಿಬ್ಬಂದಿಯನ್ನೂ ವಾಹನಗಳನ್ನೂ ಕಳೆದುಕೊಂಡಿತ್ತು. ಬೇಗ ತೆರವು ಮಾಡುವ ಒತ್ತಡದಲ್ಲಿ ಗದ್ದೆಗಳಿಗೂ ಮೀನುಹೊಂಡಗಳಿಗೂ ಅವಶೇಷ ಸುರಿದದ್ದುಂಟು; ಒಬ್ಬರ ರಸ್ತೆ ತೆರೆದಾಗ ಇನ್ನೊಬ್ಬರ ಜೀವನೋಪಾಯ ಮುಚ್ಚಿತು.

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2005ರಲ್ಲಿ ಅಲ್ಲಿ ಆರಂಭಿಸಿದ ಸುನಾಮಿ ತ್ಯಾಜ್ಯ ಯೋಜನೆಯ ಮಹತ್ವ ಇಲ್ಲಿದೆ. ಸಂತ್ರಸ್ತರಿಗೆ ನಗದು ಕೂಲಿ ಕೊಟ್ಟು ಅವಶೇಷವನ್ನು ವಿಂಗಡಿಸಲಾಯಿತು. ಒಡೆದ ಕಾಂಕ್ರೀಟು ರಸ್ತೆಗೆ ಹೋಯಿತು, ಆರಿಸಿದ ಮರ ಪೀಠೋಪಕರಣವಾಯಿತು. ಪುನರ್ನಿರ್ಮಾಣಕ್ಕಾಗಿ ಕಾಡಿನ ಮರದ ಬೇಡಿಕೆ ಏರಿದ್ದ ಹೊತ್ತಿನಲ್ಲಿ ಹಳೆಯ ಮರಕ್ಕೆ ಬೆಲೆಯಿತ್ತು. ತುರ್ತು ತೆರವಿಗೆಂದು ಹುಟ್ಟಿದ ಯೋಜನೆ ಕ್ರಮೇಣ ಊರಿನ ದಿನನಿತ್ಯದ ಕಸ ನಿರ್ವಹಣೆಯನ್ನು ಕಟ್ಟುವತ್ತ ಹೊರಳಿದ್ದು ಆಕಸ್ಮಿಕವಲ್ಲ: ವಿಂಗಡಿಸಿ ಉಳಿದದ್ದನ್ನು ಹಾಕಲು ಸರಿಯಾದ ಜಾಗ ಬೇಕೇ ಬೇಕಿತ್ತು.

ಹೈಟಿಯಲ್ಲಿ ಒಡೆತನದ ತೊಡಕು ಮುನ್ನೆಲೆಗೆ ಬಂತು. 2010ರ ಜನವರಿ 12ರ ಭೂಕಂಪದ ಅವಶೇಷಕ್ಕೆ ಸುಮಾರು ಒಂದು ಕೋಟಿ ಘನ ಮೀಟರ್ ಎಂಬ ಅಂದಾಜು ಹೆಚ್ಚು ಬಳಕೆಯಲ್ಲಿದೆ. ಪೋರ್ಟ್-ಒ-ಪ್ರಿನ್ಸ್‌ನ ಇಳಿಜಾರಿನ ಬಡಾವಣೆಗಳ ಕಿರಿದಾದ ಓಣಿಗಳಿಗೆ ಲಾರಿ ನುಗ್ಗುತ್ತಿರಲಿಲ್ಲ. ಸಲಿಕೆ, ಕೈಗಾಡಿಗಳೇ ಗತಿ. ಸುರಿಯಲು ಮುಖ್ಯವಾಗಿ ಇದ್ದದ್ದು ಟ್ರೂಟಿಯೆ ಎಂಬ ಒಂದೇ ಜಾಗ. ಭೂದಾಖಲೆ ಅಸ್ಪಷ್ಟವಾಗಿದ್ದು, ಎಷ್ಟೋ ಮನೆಗಳಲ್ಲಿ ಬಾಡಿಗೆದಾರರೇ ಇದ್ದುದರಿಂದ ಕೆಡವಲು ಒಪ್ಪಿಗೆ ಕೇಳಬೇಕಾದದ್ದು ಯಾರನ್ನು ಎಂಬುದೇ ತಿಳಿಯುತ್ತಿರಲಿಲ್ಲ. ವರ್ಷ ಕಳೆದಾಗಲೂ ಬಹುಪಾಲು ಅವಶೇಷ ಅಲ್ಲೇ ಇತ್ತು. ಅದನ್ನು ಪುಡಿ ಮಾಡಿ ನೆಲಹಾಸಿನ ಬ್ಲಾಕ್ ತಯಾರಿಸುವ ಕೆಲಸ ಬಡಾವಣೆಗಳಲ್ಲಿ ಕುದುರಿದ್ದು ಆಮೇಲೆ.

ಈ ಅನುಭವಗಳ ನಂತರ, 2011ರಲ್ಲಿ, ವಿಶ್ವಸಂಸ್ಥೆಯ ಜಂಟಿ ಪರಿಸರ ಘಟಕ ಮತ್ತು ಸ್ವೀಡನ್ನಿನ ನಾಗರಿಕ ತುರ್ತುಸೇವಾ ಸಂಸ್ಥೆ ಸೇರಿ ವಿಕೋಪ ತ್ಯಾಜ್ಯದ ಮಾರ್ಗಸೂಚಿಯನ್ನು ಹೊರತಂದವು. ಅದು ಕೆಲಸವನ್ನು ತುರ್ತು ಹಂತ, ಆರಂಭಿಕ ಚೇತರಿಕೆ, ಚೇತರಿಕೆ, ಮುನ್ನೆಚ್ಚರಿಕೆಯ ಯೋಜನೆ ಎಂದು ವಿಂಗಡಿಸುತ್ತದೆ. ಅಚೆ, ಹೈಟಿಗಳೆರಡೂ ಎಡವಿದ್ದು ಇವುಗಳಲ್ಲಿ ಕೊನೆಯದರಲ್ಲಿ. ಕಾಲಕ್ರಮದಲ್ಲಿ ಮೊದಲು ಬರಬೇಕಾದದ್ದೂ ಅದೇ.

ಭಾರತದ 2016ರ ಕಟ್ಟಡ ನಿರ್ಮಾಣ ಮತ್ತು ಕೆಡವುವಿಕೆ ತ್ಯಾಜ್ಯ ನಿಯಮಗಳು ಇಂಥ ತ್ಯಾಜ್ಯದ ಸಂಗ್ರಹಣೆ, ಸಂಸ್ಕರಣೆಗೆ ಜಾಗ ಗುರುತಿಸುವುದನ್ನು ಕಡ್ಡಾಯ ಮಾಡಿದವು. ಪ್ರವಾಹ, ಭೂಕುಸಿತದ ಭಯವಿರುವ ಜಿಲ್ಲೆಗಳಲ್ಲಿ ಅದೇ ಜಾಗವನ್ನು ವಿಕೋಪ ಯೋಜನೆಯಲ್ಲೂ ನಮೂದಿಸಿ, ಗುಜರಿ ವ್ಯಾಪಾರಿಗಳನ್ನೂ ಕಸ ಆಯುವವರನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡರೆ, ಬಂಡಾ ಅಚೆ ಅವಘಡದ ನಂತರ ಕಟ್ಟಿಕೊಂಡ ವ್ಯವಸ್ಥೆ ಅವಘಡಕ್ಕೆ ಮೊದಲೇ ಸಿದ್ಧವಾಗುತ್ತದೆ.