ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ, ಮಹಾವೀರ ಚಕ್ರ (ಮರಣೋತ್ತರ)

ಕೊಡಗಿನ ಅಜ್ಜಮಾಡ ಮನೆತನದ ದೇವಯ್ಯನವರು 24-12-1932ರಂದು ಜನಿಸಿ, 1954ರಲ್ಲಿ ಭಾರತೀಯ ವಾಯುಪಡೆಯಲ್ಲಿ ಪೈಲಟ್ ಆಗಿ ನಿಯುಕ್ತಿ ಹೊಂದಿದರು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ವೀರಮರಣವನ್ನಪ್ಪಿದಾಗ ಅವರಿಗೆ 32 ವರ್ಷ. ವಾಯುಪಡೆಯಲ್ಲಿ ಮರಣೋತ್ತರವಾಗಿ ಮಹಾವೀರ ಚಕ್ರ ಪಡೆದವರು ಅವರೊಬ್ಬರೇ.

07-09-1965ರ ಮುಂಜಾನೆ 1ನೇ ಸ್ಕ್ವಾಡ್ರನ್‌ನ 12 ಮಿಸ್ಟೆರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಸುಮಾರು 300 ಕಿ.ಮೀ. ದೂರದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಮೀಸಲು ಪೈಲಟ್ ಆಗಿದ್ದು, ಒಂದು ವಿಮಾನ ಹಿಂದುಳಿದ ಕಾರಣ ತಂಡವನ್ನು ಸೇರಿಕೊಂಡರು. ದಾಳಿಯ ನಂತರ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಅವರನ್ನು ಎದುರಿಸಿತು. ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಮಿಸ್ಟೆರ್ ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದು. ಇಂಧನವೂ ಮರಳಿ ಬರುವಷ್ಟಕ್ಕೆ ಮಿತವಾಗಿತ್ತು. ಆದರೂ, ಪೆಟ್ಟುಬಿದ್ದ ವಿಮಾನದಲ್ಲಿಯೇ ಅವರು ತಿರುಗಿ ಕಾದಾಡಿ ಎದುರಾಳಿಯನ್ನು ಹೊಡೆದುರುಳಿಸಿದರು. ಪಾಕಿಸ್ತಾನಿ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಧುಮುಕುಕೊಡೆಯ ಸಹಾಯದಿಂದ ಪಾರಾದರು. ದೇವಯ್ಯನವರ ವಿಮಾನ ಆದಂಪುರದಲ್ಲಿ ಇಳಿಯಲೇ ಇಲ್ಲ.

ಮಿಸ್ಟೆರ್ ಒಂದೇ ಆಸನದ ವಿಮಾನ. ಕಣ್ಣಾರೆ ಕಂಡು ಹೇಳುವವರು ಈ ಕಡೆ ಯಾರೂ ಇರಲಿಲ್ಲವಾಗಿ, ಅವರನ್ನು ಕಾಣೆಯಾದವರೆಂದು ಮಾತ್ರ ದಾಖಲಿಸಲಾಯಿತು. ಈ ಸೆಣಸಾಟದ ವಿವರ ಹೊರಬಂದುದು 1979ರಲ್ಲಿ, ಅದೂ ಪಾಕಿಸ್ತಾನ ವಾಯುಪಡೆಯನ್ನು ಕುರಿತು ಜಾನ್ ಫ್ರಿಕರ್ ಬರೆದ ಗ್ರಂಥದಿಂದ. ದಾಳಿಯ ನಾಯಕರಾಗಿದ್ದ ಓ.ಪಿ. ತನೇಜಾ ಅವರು ವಿಷಯವನ್ನು ಸರ್ಕಾರದ ಗಮನಕ್ಕೆ ತಂದರು. ಆ ತಂಡದಿಂದ ಮರಳದವರು ದೇವಯ್ಯನವರೊಬ್ಬರೇ ಆದುದರಿಂದ ಗುರುತಿನಲ್ಲಿ ಸಂದೇಹ ಉಳಿಯಲಿಲ್ಲ. 1988ರಲ್ಲಿ, ಅಂದರೆ 23 ವರ್ಷಗಳ ತರುವಾಯ, ಮಹಾವೀರ ಚಕ್ರ ಘೋಷಣೆಯಾಯಿತು. ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ. 2025ರ ಹಿಂದಿ ಚಲನಚಿತ್ರ ‘ಸ್ಕೈ ಫೋರ್ಸ್’ ಈ ಘಟನೆಯಿಂದ ಪ್ರೇರಿತವಾಗಿದ್ದರೂ ಅದರಲ್ಲಿ ಹೆಸರುಗಳನ್ನು ಬದಲಿಸಲಾಗಿದೆ. ಅದನ್ನು ದಾಖಲೆಯೆಂದು ಪರಿಗಣಿಸಲಾಗದು.

ಕಾಣೆಯಾದ ಯೋಧರ ಅವಲಂಬಿತರು ಗಮನಿಸಬೇಕಾದುದು: ಏಳು ವರ್ಷ ಸುಳಿವಿಲ್ಲದ ವ್ಯಕ್ತಿ ಮೃತಪಟ್ಟಿರುವರೆಂಬ ಕಾನೂನಿನ ಪೂರ್ವಭಾವನೆ 1872ರ ಸಾಕ್ಷ್ಯ ಅಧಿನಿಯಮದ 108ನೇ ಪ್ರಕರಣದಲ್ಲಿದ್ದು, 01-07-2024ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 111ನೇ ಪ್ರಕರಣದಲ್ಲಿದೆ. ಯುದ್ಧದಲ್ಲಿ ಕಾಣೆಯಾದವರ ಕುರಿತ ನಿರ್ಣಯವು ಸಂಬಂಧಿತ ಸೇನಾ ಮುಖ್ಯ ಕಚೇರಿಗೆ ಸೇರಿದ್ದಾಗಿರುತ್ತದೆ. ಈ ಬಗ್ಗೆ ಪತ್ರ ವ್ಯವಹಾರ ಮಾಡುವಾಗ ಯೋಧರ ಸೇವಾ ಸಂಖ್ಯೆ, ದರ್ಜೆ, ಘಟಕ ಹಾಗೂ ಕಾಣೆಯಾದ ದಿನಾಂಕಗಳನ್ನು ನಮೂದಿಸುವುದು ಸೂಕ್ತ. ಮಾರ್ಗದರ್ಶನಕ್ಕಾಗಿ ತಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯನ್ನು ಸಂಪರ್ಕಿಸಬಹುದು.