ಬೀದಿಯ ಹಾಡು, ನಾಡಿಲ್ಲದವರ ದನಿ

ಟಿಬೆಟನ್ನರು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೆಂಪು ವಸ್ತ್ರದ ಭಿಕ್ಷುಗಳು, ಮಂತ್ರಚಕ್ರ ತಿರುಗಿಸುವ ಅಜ್ಜಿಯರು, ಚಳಿಗಾಲದಲ್ಲಿ ಪೇಟೆಯ ಬದಿಯಲ್ಲಿ ಸ್ವೆಟರ್ ಮಾರುವ ಮಂದಿ. ಮೈಕು ಹಿಡಿದು, ತಾಳಕ್ಕೆ ಮಾತು ಪೋಣಿಸುತ್ತಾ ಹಿಪ್ ಹಾಪ್ ಹಾಡುವ ಟಿಬೆಟನ್ ಯುವಕ ಆ ಚಿತ್ರದಲ್ಲಿ ಇಲ್ಲ. ಆದರೆ ಅಮೆರಿಕ, ಕೆನಡಾ, ಸ್ವಿಟ್ಜರ್ಲ್ಯಾಂಡ್‌ಗಳಿಗೆ ವಲಸೆ ಹೋದ ಟಿಬೆಟನ್ ಮನೆಗಳ ಮಕ್ಕಳು ಕಳೆದ ಎರಡು ದಶಕಗಳಿಂದ ಈ ಹಾಡನ್ನು ತಮ್ಮದಾಗಿಸಿಕೊಂಡಿದ್ದಾರೆ. ಹಿರಿಯರಲ್ಲಿ ಕೆಲವರಿಗೆ ಇದು ಸಂಸ್ಕೃತಿಯ ಅಳಿವಿನಂತೆ ಕಾಣುತ್ತದೆ. ಈ ಆತಂಕವನ್ನು ತಳ್ಳಿಹಾಕುವ ಮೊದಲು, ಅಥವಾ ಒಪ್ಪಿಕೊಳ್ಳುವ ಮೊದಲು, ನಾವು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕಾಗಿದೆ.

ಹಿಪ್ ಹಾಪ್ ಹುಟ್ಟಿದ್ದೇ ಒಬ್ಬ ವಲಸಿಗನ ಕೈಯಲ್ಲಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಸೆಡ್ಜ್‌ವಿಕ್ ಅವೆನ್ಯೂನ 1520ನೇ ನಂಬರಿನ ವಸತಿ ಕಟ್ಟಡದಲ್ಲಿ ಒಂದು ಕೂಟ ನಡೆಯಿತು. ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲು ಹಣ ಬೇಕೆಂದು ಹುಡುಗಿಯೊಬ್ಬಳು ಏರ್ಪಡಿಸಿದ ಕೂಟ ಅದು. ಪ್ರವೇಶ ದರ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡು ಹಾಕುತ್ತಿದ್ದವನು ಆಕೆಯ ಅಣ್ಣ, ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. 1967ರಲ್ಲಿ ಜಮೈಕಾದಿಂದ ಬಂದ ಕುಟುಂಬದ ಹುಡುಗ. ಹಾಡಿನ ನಡುವೆ ಬರೀ ತಾಳವಾದ್ಯ ಮಾತ್ರ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುತ್ತಾರೆಂದು ಅವನು ಗಮನಿಸಿದ್ದ. ಎರಡು ತಟ್ಟೆಗಳಲ್ಲಿ ಒಂದೇ ರೆಕಾರ್ಡನ್ನು ಇಟ್ಟು ಆ ತುಣುಕನ್ನು ಮತ್ತೆ ಮತ್ತೆ ನುಡಿಸಿದ. ಆ ತಾಳದ ಮೇಲೆ ಮಾತು ಬಂದು ಕೂತಿತು. ಹೆದ್ದಾರಿಗಾಗಿ ಮನೆಗಳನ್ನು ಕೆಡವಿಸಿಕೊಂಡಿದ್ದ, ಕಟ್ಟಡಗಳಿಗೆ ಬೆಂಕಿ ಬೀಳುತ್ತಿದ್ದ, ಸರಕಾರ ಕೈಬಿಟ್ಟಿದ್ದ ಬಡಾವಣೆಯ ಕಪ್ಪು ಮತ್ತು ಲ್ಯಾಟಿನೋ ಯುವಕರ ಹಾಡು ಅದಾಯಿತು. ವಾದ್ಯ ಕೊಳ್ಳುವ ಶಕ್ತಿ ಬೇಕಿಲ್ಲ, ಸಂಗೀತ ಶಾಲೆ ಬೇಕಿಲ್ಲ, ಹೇಳಲು ಮಾತಿದ್ದರೆ ಸಾಕು. ಜಗತ್ತಿನ ನಾನಾ ಕಡೆಯ ನೆಲೆ ತಪ್ಪಿದವರು ಇದನ್ನು ಎತ್ತಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಟಿಬೆಟನ್ನರ ಕಡೆಗೆ ಬರೋಣ. 1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಲ್ಹಾಸಾ ತೊರೆದರು. ಅವರ ಹಿಂದೆ ಸುಮಾರು 80 ಸಾವಿರ ಜನ ಗಡಿ ದಾಟಿದರು. ಅದೇ ವರ್ಷ, ಊಟ ವಸತಿಗೇ ಪರದಾಟವಿದ್ದಾಗ, ನಿರಾಶ್ರಿತರು ಕಟ್ಟಿದ ಮೊದಲ ಸಂಸ್ಥೆಗಳಲ್ಲಿ ಒಂದು ಸಂಗೀತ ನಾಟಕದ ಸಂಸ್ಥೆ. ಇಂದು ಧರ್ಮಶಾಲೆಯಲ್ಲಿರುವ ಟಿಬೆಟನ್ ಪ್ರದರ್ಶನ ಕಲೆಗಳ ಸಂಸ್ಥೆ ಅದೇ. ತಾಯ್ನಾಡಿನಲ್ಲಿ ಅಳಿಯುತ್ತಿರುವುದನ್ನು ಇಲ್ಲಿ ಉಳಿಸಬೇಕೆಂಬ ಕಾಳಜಿ ಅಷ್ಟು ತೀವ್ರವಾಗಿತ್ತು. ಆದರೆ ಈ ಕಾಳಜಿ ಎಳೆಯರಿಗೆ ಒಂದು ಹೊರೆಯೂ ಆಯಿತು. 1990ರ ದಶಕದಲ್ಲಿ ಧರ್ಮಶಾಲೆಯ ಯುವಕರ 'ಯಾಕ್ ಬ್ಯಾಂಡ್' ಎಂಬ ರಾಕ್ ತಂಡದ ಜೊತೆ ತಾವೂ ಕೀಬೋರ್ಡ್ ನುಡಿಸಿದ ಅಮೆರಿಕನ್ ವಿದ್ವಾಂಸೆ ಕೀಲಾ ಡೀಲ್ 2002ರಲ್ಲಿ ಒಂದು ಪುಸ್ತಕ ತಂದರು. ಹಿಂದಿ ಸಿನಿಮಾ ಹಾಡು, ಇಂಗ್ಲಿಷ್ ರಾಕ್‌ಗಳನ್ನು ಮನಸಾರೆ ಮೆಚ್ಚಿದ ಎಳೆಯರೂ, ಶುದ್ಧ ಪರಂಪರೆ ಬಯಸುವ ಸಮುದಾಯವೂ ಎದುರುಬದುರಾದ ಇಕ್ಕಟ್ಟನ್ನು ಆ ಪುಸ್ತಕ ಬಿಡಿಸಿಡುತ್ತದೆ.

ನಮ್ಮ ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ನೆಲ ಅವರಿಗೆ ದೊರೆಯಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲೂ ಶಿಬಿರಗಳಾದವು. ಮರ ಕಡಿದು ಜೋಳ ಬೆಳೆದ ತಲೆಮಾರಿನ ಮೊಮ್ಮಕ್ಕಳಿಗೆ ಆ ಹೊಲಗಳು ಸಾಲಲಿಲ್ಲ. ಕೈಯಲ್ಲಿರುವುದು ಪಾಸ್‌ಪೋರ್ಟಲ್ಲ, ವಿದೇಶಿಯನೆಂದು ಸಾರುವ ನೋಂದಣಿ ಪತ್ರ. ಇದರಿಂದಾಗಿ ವಲಸಿಗರ ಮಕ್ಕಳು ಮತ್ತೆ ವಲಸೆ ಹೊರಟರು. ಅಮೆರಿಕ 1990ರ ವಲಸೆ ಕಾಯ್ದೆಯಲ್ಲಿ ಭಾರತ, ನೇಪಾಳಗಳಲ್ಲಿದ್ದ 1,000 ಟಿಬೆಟನ್ನರಿಗೆ ವೀಸಾ ಮೀಸಲಿಟ್ಟಿತು. 1992ರಿಂದ ಅವರು ಹೋಗತೊಡಗಿದರು. ನಿರಾಶ್ರಿತರೆಂದಲ್ಲ, ವಲಸಿಗರೆಂದು ಹೋದದ್ದರಿಂದ ಸರಕಾರದ ನಿರಾಶ್ರಿತ ನೆರವು ಅವರಿಗೆ ಸಿಗಲಿಲ್ಲ. ಮನೆಗೊಬ್ಬರಂತೆ ಹೋಗಿ ಹೋಟೆಲುಗಳಲ್ಲಿ ಪಾತ್ರೆ ತೊಳೆದು, ಇತರರ ಮಕ್ಕಳನ್ನು ನೋಡಿಕೊಂಡು, ವರ್ಷಗಳ ನಂತರ ಗಂಡನನ್ನೋ ಹೆಂಡತಿಯನ್ನೋ ಮಕ್ಕಳನ್ನೋ ಕರೆಸಿಕೊಂಡರು. ಹಾಗೆ ತಡವಾಗಿ ಹೋದ ಹದಿಹರೆಯದ ಹುಡುಗ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಇಳಿದಾಗ ಕಿವಿಗೆ ಬಿದ್ದದ್ದು ಪಕ್ಕದ ಬ್ರಾಂಕ್ಸ್‌ನಲ್ಲಿ ಹುಟ್ಟಿದ ತಾಳ.

ಸ್ವಿಟ್ಜರ್ಲ್ಯಾಂಡಿನ ದಾರಿ ಬೇರೆ. 1963ರಲ್ಲಿ ಆ ಸರಕಾರ 1,000 ಟಿಬೆಟನ್ನರನ್ನು ಕರೆಸಿಕೊಳ್ಳಲು ಒಪ್ಪಿತು. ರಿಕೋನ್ ಎಂಬ ಊರಿನ ಪಾತ್ರೆ ಕಾರ್ಖಾನೆ ಹಲವರಿಗೆ ಕೆಲಸ ಕೊಟ್ಟಿತು. ಅಲ್ಲಿನ ಟಿಬೆಟನ್ ಸಮುದಾಯದಿಂದ ಬಂದ ರ್ಯಾಪ್ ಗಾಯಕ ಕರ್ಮಾ ಎಮ್ಚಿ 2011ರಲ್ಲಿ 'ಶಾಪಾಲೆ' ಎಂಬ ಹಾಡಿನಿಂದ ಜಗತ್ತಿನ ಟಿಬೆಟನ್ನರಿಗೆಲ್ಲ ಪರಿಚಿತನಾದ. ಶಾಪಾಲೆ ಎಂದರೆ ಮಾಂಸ ತುಂಬಿ ಮಾಡುವ ರೊಟ್ಟಿ. ಅಮ್ಮನ ಅಡುಗೆಮನೆಯ ತಿಂಡಿಯೇ ಅವನ ಹೆಸರೂ ಆಯಿತು, ಗುರುತೂ ಆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಟಿಬೆಟನ್ ಪದ್ಯಕ್ಕೆ ಅಂತ್ಯಪ್ರಾಸ ಮುಖ್ಯವಲ್ಲ, ಅಕ್ಷರಗಳ ಎಣಿಕೆ ಮುಖ್ಯ. ರ್ಯಾಪ್‌ಗೆ ಪ್ರಾಸ ಬೇಕು, ಪ್ರಾಸಕ್ಕೆ ಪದಗಳ ದಾಸ್ತಾನು ಬೇಕು. ಶಾಲೆಯಲ್ಲಿ ಇಂಗ್ಲಿಷನ್ನೋ ಜರ್ಮನ್ನನ್ನೋ ಆಡುವ ಹುಡುಗ ಟಿಬೆಟನ್ನಿನಲ್ಲಿ ಬರೆಯಹೊರಟರೆ ಅಜ್ಜಿಯ ಬಳಿಗೇ ಹೋಗಬೇಕು. ಭಾಷೆ ಬಿಟ್ಟುಹೋಗುತ್ತಿದ್ದವನು ಹಾಡಿನ ನೆಪದಲ್ಲಿ ಅದರ ಬಾಗಿಲು ತಟ್ಟುತ್ತಾನೆ.

ಹಾಗೆ ನೋಡಿದರೆ ಈ ಬಗೆಯ ಮಾತುಗಾರಿಕೆ ಟಿಬೆಟಿಗೆ ಹೊಸದೂ ಅಲ್ಲ. ಹಳೆಯ ಲ್ಹಾಸಾದಲ್ಲಿ ಅಧಿಕಾರಿಗಳನ್ನು, ಶ್ರೀಮಂತರನ್ನು ಲೇವಡಿ ಮಾಡುವ ಬೀದಿ ಹಾಡುಗಳಿದ್ದವು. ನೀರು ಹೊರುವ ಹೆಂಗಸರು ಅವನ್ನು ಹಾಡಿಕೊಂಡು ಓಣಿಯಿಂದ ಓಣಿಗೆ ಒಯ್ಯುತ್ತಿದ್ದರು. ಪತ್ರಿಕೆಯೇ ಇಲ್ಲದ ಊರಿನಲ್ಲಿ ಪತ್ರಿಕೆಯ ಕೆಲಸ ಮಾಡಿದ್ದು ಅವು. ಹೊಸ ವರ್ಷಕ್ಕೆ ಮನೆಮನೆಗೆ ಬಂದು ಪಟಪಟನೆ ಹಾರೈಕೆಯ ಮಾತು ಸುರಿಯುವ ಡ್ರೇಕರ್ ಕಲಾವಿದರೂ ಇದ್ದರು. 'ಶುದ್ಧ' ಎಂದು ನಾವು ಭಾವಿಸುವ ಪರಂಪರೆಯಲ್ಲೂ ಬೆರಕೆ ಇತ್ತು. ಲ್ಹಾಸಾದ ಹೆಮ್ಮೆಯ ನಾಂಗ್ಮಾ ಗಾಯನದಲ್ಲಿ 'ಖಾಚೆ' ಎಂದು ಕರೆಸಿಕೊಂಡ ಟಿಬೆಟನ್ ಮುಸ್ಲಿಮರು ಹೆಸರು ಮಾಡಿದ್ದರು. ನಾಂಗ್ಮಾ ಎಂಬ ಪದವೇ 'ನಗ್ಮಾ'ದಿಂದ ಬಂದಿರಬಹುದು ಎನ್ನುವವರೂ ಇದ್ದಾರೆ. ಕಾಶ್ಮೀರಿ ಮೂಲದ ಈ ಸಮುದಾಯದ ಬಹಳಷ್ಟು ಮಂದಿ 1960ರ ನಂತರ ಭಾರತಕ್ಕೆ ಬಂದರು. ಶ್ರೀನಗರದಲ್ಲಿ ಅವರ ಬಡಾವಣೆ ಇಂದಿಗೂ ಇದೆ.

ಹಾಡುವುದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ ಎಂಬುದನ್ನೂ ಮರೆಯಬಾರದು. ಟಿಬೆಟಿನೊಳಗಿನ ಅಮ್ದೋ ಪ್ರದೇಶದ ಗಾಯಕ ತಾಶಿ ಧೊಂಡುಪ್ ತನ್ನ ಹಾಡುಗಳಿಗಾಗಿಯೇ 2009ರ ಡಿಸೆಂಬರ್‌ನಲ್ಲಿ ಬಂಧನಕ್ಕೊಳಗಾದ. 2010ರ ಜನವರಿಯಲ್ಲಿ ಅವನಿಗೆ 15 ತಿಂಗಳ ಶ್ರಮಶಿಬಿರದ ಶಿಕ್ಷೆಯಾಯಿತು. ಕ್ವೀನ್ಸ್‌ನ ಹುಡುಗ ಕೂಗಿ ಹೇಳುವುದನ್ನು ಅಲ್ಲಿನ ಗಾಯಕ ಉಪಮೆಯಲ್ಲಿ ಅಡಗಿಸಿಡಬೇಕು. ಹೊರಗಿನವರ ಹಾಡಿಗೆ ಹೊಣೆ ಹೆಚ್ಚುವುದು ಇದರಿಂದಲೇ.

ಅಳಿವಿನ ಭಯದಲ್ಲಿರುವ ಸಮುದಾಯ ತನ್ನ ಮಕ್ಕಳಿಂದ ಪೆಟ್ಟಿಗೆಯಲ್ಲಿಟ್ಟ ಉಡುಪಿನಂಥ ಸಂಸ್ಕೃತಿಯನ್ನು ಬೇಡುವುದು ಸಹಜ. ಈ ಭಯ ನಮಗೂ ಅಪರಿಚಿತವಲ್ಲ. ಆದರೆ ತೊಟ್ಟರೆ ತಾನೇ ಉಡುಪು? ಭಾನುವಾರ ಬೈಲಕುಪ್ಪೆಗೆ ಹೋಗಿ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು, ಮೊಮೊ ತಿಂದು ಬರುವ ನಾವು ಅಲ್ಲಿನ ಹುಡುಗರನ್ನು ಎಂದಾದರೂ ಮಾತಾಡಿಸಿದ್ದೇವೆಯೇ? ಅಲ್ಲಿಂದ ವಿಮಾನ ಹತ್ತಿ ಹೋದ ಹುಡುಗನೊಬ್ಬ ಇವತ್ತು ಯಾವುದೋ ದೂರದ ಊರಿನಲ್ಲಿ ಕುಳಿತು ಪದಕ್ಕೆ ಪದ ಹೊಂದಿಸುತ್ತಿದ್ದರೆ, ಅವನ ಬಾಲ್ಯದ ಮಳೆ ನಮ್ಮ ಊರಿನ ಮಳೆ.